ಕಂಬಳ ನೋಡಿದವರಿಗೆ ಮೋಟಾರ್ ರೇಸ್: ಮಂಗಳೂರಿನಿಂದ ಚೆನ್ನೈ ಟ್ರ್ಯಾಕಿಗೆ ಹೋಗಿ ಬರುವುದು ಹೇಗೆ

ಜೂನ್ ಬಂತೆಂದರೆ ನನಗೆ ಫೋನ್ ಶುರುವಾಗುತ್ತದೆ. "ಚೆನ್ನೈಯಲ್ಲಿ ಬೈಕ್ ರೇಸ್ ಉಂಟಂತಲ್ಲ, ಹೋಗುವುದು ಹೇಗೆ? ಯಾವ ರೈಲು? ಒಳಗೆ ಬಿಡ್ತಾರಾ?" ಕೇಳುವವರು ಸುರತ್ಕಲ್‌ನ ಎಂಜಿನಿಯರಿಂಗ್ ಹುಡುಗರು, ಮಣಿಪಾಲದ ಹುಡುಗಿಯರು, ಕುಂದಾಪುರದ ಗ್ಯಾರೇಜಿನವರು. ಒಮ್ಮೆ ಕಾರ್ಕಳದ ಒಬ್ಬರು ನಿವೃತ್ತ ಮೇಷ್ಟ್ರು ಕೂಡ ಕೇಳಿದ್ದರು. ಒಬ್ಬೊಬ್ಬರಿಗೂ ಬಾಯಲ್ಲಿ ಹೇಳುವಾಗ ಏನಾದರೂ ಒಂದು ಬಿಟ್ಟೇ ಹೋಗುತ್ತದೆ. ಹಾಗಾಗಿ ಈ ಸಲ ಕೂತು ಎಲ್ಲವನ್ನೂ ಬರೆದಿದ್ದೇನೆ. ಟ್ರ್ಯಾಕಿನ ಕಥೆ, ಹೋಗುವ ದಾರಿ, ಅಲ್ಲಿ ಹೋಗಿ ಏನು ನೋಡಬೇಕು, ಎಲ್ಲಿ ಕೂತು ನೋಡಬೇಕು.

ನಾನು ಹೇಳುತ್ತಿರುವುದು ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಬಗ್ಗೆ. ಹಳಬರು ಈಗಲೂ ಎಂಎಂಆರ್‌ಟಿ ಅಂತಲೇ ಕರೆಯುತ್ತಾರೆ, ಅಂದರೆ ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್. ಚೆನ್ನೈ ನಗರದ ಒಳಗೆ ಇಲ್ಲ. ಬೆಂಗಳೂರು ಕಡೆಗೆ ಬರುವ ಹೆದ್ದಾರಿಯಲ್ಲಿ, ಶ್ರೀಪೆರಂಬದೂರಿಗೆ ಹತ್ತಿರ, ಇರುಂಗಾಟ್ಟುಕೋಟೈ ಅನ್ನುವ ಊರಲ್ಲಿದೆ. ನಗರದಿಂದ ಸುಮಾರು 40 ಕಿ.ಮೀ.

ಇಷ್ಟು ದೂರ ಯಾಕೆ ಹೋಗಬೇಕು, ಟಿವಿಯಲ್ಲಿ ಎಲ್ಲಾ ಬರುತ್ತಲ್ಲ ಅಂತ ಕೇಳುವವರಿಗೆ ನಾನು ವಾಪಸ್ ಒಂದೇ ಪ್ರಶ್ನೆ ಕೇಳುತ್ತೇನೆ. ಕಂಬಳವನ್ನು ಮೊಬೈಲಿನಲ್ಲಿ ನೋಡಿದ್ದೀರಿ, ಕರೆಯ, ಅಂದರೆ ಕೋಣ ಓಡುವ ಕೆಸರಿನ ಅಂಕಣದ, ಬದಿಯಲ್ಲಿ ನಿಂತೂ ನೋಡಿದ್ದೀರಿ. ಎರಡೂ ಒಂದೇನಾ? ಓಟ ಶುರುವಾಗುವ ಗಂತಿನಲ್ಲಿ ಕೋಣಗಳನ್ನು ಹಿಡಿದು ನಿಲ್ಲಿಸಲು ಪಡುವ ಪಾಡು, ಓಟ ಮುಗಿಯುವ ಮಂಜೊಟ್ಟಿ ಹತ್ತಿರ ಬರುವಾಗ ನೆಲವೇ ನಡುಗಿದ ಹಾಗೆ ಆಗುವುದು, ಮುಖಕ್ಕೆ ಹಾರುವ ಕೆಸರು ನೀರು, ಇದು ಯಾವುದೂ ಪರದೆಯಲ್ಲಿ ಬರುವುದಿಲ್ಲ. ಮೋಟಾರ್ ರೇಸ್ ಕೂಡ ಹಾಗೇ. ಇನ್ನೂ ಒಂದು ವಿಷಯ ಹೇಳುತ್ತೇನೆ, ಇದನ್ನು ನಾನು ಮನಸ್ಸಿನಿಂದ ನಂಬಿದ್ದೇನೆ: ಕಂಬಳ ನೋಡಿ ಬೆಳೆದವರಿಗೆ ರೇಸ್ ನೋಡುವ ಕಣ್ಣು ಆಗಲೇ ಬಂದಿರುತ್ತದೆ. ಸ್ವಲ್ಪ ಹೆಸರುಗಳು ಬದಲಾಗುತ್ತವೆ, ಅಷ್ಟೇ.

ಮೊದಲು ಸ್ವಲ್ಪ ಹಳೇ ಕಥೆ

ಈ ಟ್ರ್ಯಾಕ್ ಬರುವ ಮೊದಲು ದಕ್ಷಿಣ ಭಾರತದಲ್ಲಿ ರೇಸ್ ಅಂದರೆ ಶೋಲವರಂ. ಚೆನ್ನೈಯ ಉತ್ತರಕ್ಕೆ, ಕೊಲ್ಕತ್ತಾ ಹೆದ್ದಾರಿಯ ಕಡೆ, ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನ ಇಳಿಸಲು ಮಾಡಿದ್ದ ಒಂದು ರನ್‌ವೇ ಇತ್ತು. ಯುದ್ಧ ಮುಗಿದ ಮೇಲೆ ಅದು ಖಾಲಿ ಬಿದ್ದಿತ್ತು. 1950ರ ದಶಕದಲ್ಲಿ ಮದ್ರಾಸಿನ ವಾಹನಪ್ರಿಯರು ಸೇರಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಕಟ್ಟಿಕೊಂಡು ಆ ರನ್‌ವೇ ಮೇಲೆಯೇ ರೇಸ್ ನಡೆಸಲು ಶುರು ಮಾಡಿದರು. ಮೋಟಾರ್ ರೇಸಿಗೆ ಅಂತ ಕಟ್ಟಿದ ಟ್ರ್ಯಾಕ್ ಆಗ ದೇಶದಲ್ಲೇ ಇರಲಿಲ್ಲ. ಹುಲ್ಲಿನ ಹೊರೆ, ಡ್ರಮ್ಮು ಇಟ್ಟು ತಿರುವು ಮಾಡಿಕೊಳ್ಳುತ್ತಿದ್ದರು. ಅಂಗಡಿಯಿಂದ ತಂದ ಫಿಯೆಟ್ಟು, ಹೆರಾಲ್ಡು ಕಾರುಗಳು, ಇವನ್ನೇ ಬಿಚ್ಚಿ, ಅನಗತ್ಯ ಭಾರವೆಲ್ಲ ತೆಗೆದು, ಎಂಜಿನ್ ತಿದ್ದಿ ಓಡಿಸುತ್ತಿದ್ದರು. ಬೈಕಿನಲ್ಲಿ ನಮ್ಮ ಮೈಸೂರಿನಲ್ಲೇ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳು ಇದ್ದವು. ಇವತ್ತಿಗೂ ಹಳೇ ಯೆಜ್ಡಿ ಇಟ್ಟುಕೊಂಡಿರುವ ಮಂಗಳೂರಿನ ಹಿರಿಯರ ಹತ್ತಿರ ಶೋಲವರಂ ಅಂತ ಒಂದು ಮಾತು ಎತ್ತಿ ನೋಡಿ, ಅರ್ಧ ಗಂಟೆ ಚಹಾ ತಣ್ಣಗಾದದ್ದೂ ಗೊತ್ತಾಗುವುದಿಲ್ಲ.

ಬಂಟ್ವಾಳ ಮೂಲದ ಕುಟುಂಬದ ವಿಜಯ್ ಮಲ್ಯ 1980ರ ದಶಕದಲ್ಲಿ ಎನ್‌ಸೈನ್ ಅನ್ನುವ ಹಳೇ ಫಾರ್ಮುಲಾ ಒನ್ ಕಾರನ್ನು ತಂದು ಓಡಿಸಿದ್ದು ಕೂಡ ಇದೇ ಶೋಲವರಂನಲ್ಲಿ. ಮುಂದೆ ಅವರೇ ಫೋರ್ಸ್ ಇಂಡಿಯಾ ಅಂತ ಫಾರ್ಮುಲಾ ಒನ್ ತಂಡ ಮಾಡಿದ್ದು ಎಲ್ಲರಿಗೂ ಗೊತ್ತಿರುವ ವಿಷಯ.

ಆದರೆ ರನ್‌ವೇ ರನ್‌ವೇಯೇ. ಅಲ್ಲಿ ನೇರವಾಗಿ ಜೋರಾಗಿ ಹೋಗಬಹುದು, ತಿರುವಿನ ಕಲೆ ಕಲಿಯುವುದು ಕಷ್ಟ. ಜನ ಜಾಸ್ತಿ ಬಂದರೆ ಅವರನ್ನು ದೂರ ನಿಲ್ಲಿಸುವುದೂ ಕಷ್ಟ. ಕ್ಲಬ್ಬಿನವರು ತಮ್ಮದೇ ಜಾಗದಲ್ಲಿ 1980ರ ದಶಕದ ಕೊನೆಗೆ ಟ್ರ್ಯಾಕ್ ಕಟ್ಟಿಸಿದರು, 1990ರಲ್ಲಿ ಉದ್ಘಾಟನೆಯಾಯಿತು. ರೇಸಿಗೆಂದೇ ಕಟ್ಟಿದ ಭಾರತದ ಮೊದಲ ಶಾಶ್ವತ ಟ್ರ್ಯಾಕ್ ಅದು. ಒಂದು ಸುತ್ತು ಸುಮಾರು 3.7 ಕಿ.ಮೀ, 12 ತಿರುವು. ಸರ್ಕಾರ ಕಟ್ಟಿದ್ದಲ್ಲ, ದೊಡ್ಡ ಕಂಪನಿ ಕಟ್ಟಿದ್ದಲ್ಲ, ರೇಸಿನ ಹುಚ್ಚಿನವರ ಒಂದು ಕ್ಲಬ್ಬು ಕಟ್ಟಿ ಮೂವತ್ತು ವರ್ಷಕ್ಕೂ ಜಾಸ್ತಿ ನಡೆಸಿಕೊಂಡು ಬಂದಿದೆ ಅನ್ನುವುದು ನನಗೆ ತುಂಬಾ ದೊಡ್ಡ ವಿಷಯ ಅನಿಸುತ್ತದೆ. ನಮ್ಮಲ್ಲಿ ಕಂಬಳ ಸಮಿತಿಗಳು ಇಲ್ಲವಾ, ಊರಿನವರೇ ಸೇರಿ ಕರೆ ಮಾಡಿ, ವರ್ಷವೂ ನಡೆಸುವುದು? ಅದೇ ರೀತಿ.

ಈ ಟ್ರ್ಯಾಕಿನಲ್ಲಿ ಓಡಿಸಿದವರ ಹೆಸರು ತಿಳಿದುಕೊಂಡು ಹೋದರೆ ಅಲ್ಲಿ ನಿಂತಾಗ ಬೇರೆಯೇ ಖುಷಿ. ಕೊಯಮತ್ತೂರಿನ ನರೇನ್ ಕಾರ್ತಿಕೇಯನ್ 2005ರಲ್ಲಿ ಜೋರ್ಡನ್ ತಂಡದಿಂದ ಫಾರ್ಮುಲಾ ಒನ್‌ಗೆ ಹೋದ ಮೊದಲ ಭಾರತೀಯ. 2010ರಲ್ಲಿ ಚೆನ್ನೈಯ ಕರುಣ್ ಚಂಧೋಕ್ ಎರಡನೆಯವರು. ಕರುಣ್ ಅವರ ಅಜ್ಜ ಇಂದು ಚಂಧೋಕ್ ಈ ಕ್ಲಬ್ಬಿನ ಮೊದಲಿನ ಹಿರಿಯರಲ್ಲಿ ಒಬ್ಬರು. ಎಂಆರ್‌ಎಫ್ ಚಾಲೆಂಜ್ ಅನ್ನುವ ಸರಣಿ ನಡೆಯುತ್ತಿದ್ದಾಗ ಹೊರದೇಶದ ಹುಡುಗ ಹುಡುಗಿಯರೂ ಬರುತ್ತಿದ್ದರು. ಮೈಕೆಲ್ ಶುಮಾಕರ್ ಮಗ ಮಿಕ್ 2016-17ರ ಸರಣಿಯಲ್ಲಿ ಇದ್ದ. 2019ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಜೇಮಿ ಚಾಡ್ವಿಕ್ ಇದೇ ಚೆನ್ನೈ ಟ್ರ್ಯಾಕಿನಲ್ಲಿ ಆ ಸರಣಿಯ ಚಾಂಪಿಯನ್ ಆದಳು. ಆ ಪ್ರಶಸ್ತಿ ಗೆದ್ದ ಮೊದಲ ಹೆಣ್ಣುಮಗಳು ಅವಳು.

ನಮ್ಮ ಕಡೆಯವರನ್ನು ಬಿಟ್ಟರೆ ಹೇಗೆ? ಉಡುಪಿಯ ಕೆ.ಪಿ. ಅರವಿಂದ್ ಅವರನ್ನು ಬಿಗ್ ಬಾಸ್ ನೋಡಿದವರು ಬೇಗ ಗುರುತು ಹಿಡಿಯುತ್ತಾರೆ. ಆದರೆ ಅವರು 2019ರಲ್ಲಿ ಪೆರು ದೇಶದ ಮರಳಿನಲ್ಲಿ, ದಿನಗಟ್ಟಲೆ ಓಡಿಸುವ ಡಾಕರ್ ರ್‍ಯಾಲಿ ಮುಗಿಸಿದ್ದು ಅದಕ್ಕಿಂತ ಎಷ್ಟೋ ದೊಡ್ಡದು. ಅವರು ಓಡಿಸಿದ್ದು ಟಿವಿಎಸ್ ತಂಡದ ಪರವಾಗಿ. ಅವರಿಗಿಂತ ಮೊದಲು, 2015ರಲ್ಲಿ, ಡಾಕರ್ ಮುಗಿಸಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್. 2019ರಲ್ಲೇ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಅಂತರರಾಷ್ಟ್ರೀಯ ಬೈಕ್ ಒಕ್ಕೂಟದ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದಳು. ಇದೆಲ್ಲ ಮಣ್ಣು ಮರಳಿನ ರ್‍ಯಾಲಿಯ ಕಥೆ, ಟ್ರ್ಯಾಕ್ ರೇಸ್ ಬೇರೆ. ಆದರೂ ಕನ್ನಡದ ಹುಡುಗ ಹುಡುಗಿಯರು ಈ ಆಟದಲ್ಲಿ ಎಲ್ಲಿವರೆಗೆ ಹೋಗಬಹುದು ಅನ್ನುವುದಕ್ಕೆ ಇವರೇ ಸಾಕ್ಷಿ.

ಯಾವಾಗ ಹೋಗಬೇಕು

ರಾಷ್ಟ್ರೀಯ ಮಟ್ಟದ ಬೈಕ್ ಮತ್ತು ಕಾರ್ ಚಾಂಪಿಯನ್‌ಶಿಪ್‌ನ ರೌಂಡ್‌ಗಳು ಹೆಚ್ಚಾಗಿ ಜೂನ್‌ನಿಂದ ವರ್ಷದ ಕೊನೆಯವರೆಗೆ ಹಂಚಿಕೊಂಡು ಇರುತ್ತವೆ. ನನ್ನ ಮಟ್ಟಿಗೆ ಜುಲೈ, ಆಗಸ್ಟ್ ಅತ್ಯುತ್ತಮ. ನಮ್ಮಲ್ಲಿ ಆಗ ಆಟಿ ಮಳೆ, ಮನೆಯಿಂದ ಹೊರಗೆ ಕಾಲಿಡಲು ಆಗುವುದಿಲ್ಲ, ಕಂಬಳವೂ ಇಲ್ಲ. ಅಲ್ಲಿ ಮಾತ್ರ ಚೆನ್ನಾಗಿ ಬಿಸಿಲು. ಚೆನ್ನೈಗೆ ದೊಡ್ಡ ಮಳೆ ಬರುವುದು ಅಕ್ಟೋಬರ್ ನಂತರ, ಹಿಂಗಾರಿನಲ್ಲಿ. ಆಗಸ್ಟಿನಲ್ಲಿ ಸಂಜೆ ಹೊತ್ತು ಗುಡುಗು ಮಳೆ ಒಮ್ಮೊಮ್ಮೆ ಬರುತ್ತದೆ. ಬಂದರೆ ಬೇಸರ ಮಾಡಬೇಡಿ, ಒದ್ದೆ ಟ್ರ್ಯಾಕಿನಲ್ಲಿ ಯಾರು ನಿಜವಾಗಿ ಓಡಿಸಬಲ್ಲವರು ಅಂತ ಗೊತ್ತಾಗುತ್ತದೆ.

ದಿನಾಂಕವನ್ನು ಕ್ಲಬ್ಬಿನ ಅಧಿಕೃತ ಪೇಜಿನಲ್ಲೇ ನೋಡಿ. ಹೊರಡುವ ವಾರ ಇನ್ನೊಮ್ಮೆ ನೋಡಿ. ನಾನು ಒಂದು ಸಲ ವಾಟ್ಸಾಪಿನಲ್ಲಿ ಬಂದ ಪೋಸ್ಟರ್ ನಂಬಿ ರಾತ್ರಿಯೆಲ್ಲ ರೈಲಿನಲ್ಲಿ ಕೂತು ಹೋದೆ. ಗೇಟಿನಲ್ಲಿ ಒಬ್ಬ ವಾಚ್‌ಮನ್, ಒಂದು ನಾಯಿ, ಬೇರೆ ಯಾರೂ ಇಲ್ಲ. ರೌಂಡ್ ಮುಂದಿನ ವಾರಕ್ಕೆ ಹೋಗಿತ್ತು, ಪೋಸ್ಟರ್ ಹಳೆಯದು. ಆ ವಾಚ್‌ಮನ್ ಪಾಪ ತನ್ನ ಬಾಟಲಿಯಿಂದ ನೀರು ಕೊಟ್ಟು, ಬಸ್ಸು ಎಲ್ಲಿ ನಿಲ್ಲುತ್ತದೆ ಅಂತ ತೋರಿಸಿ ಕಳಿಸಿದರು. ನಿಮಗೆ ಹಾಗಾಗಬಾರದು ಅಂತ ಹೇಳುತ್ತಿದ್ದೇನೆ. ಟಿಕೆಟ್ ಉಂಟಾ, ಪಾಸ್ ಬೇಕಾ, ಯಾವ ಗೇಟು, ಇದು ಕೂಡ ರೌಂಡಿನಿಂದ ರೌಂಡಿಗೆ ಬದಲಾಗುತ್ತದೆ, ಅದನ್ನೂ ಅಲ್ಲೇ ಖಚಿತ ಮಾಡಿಕೊಳ್ಳಿ.

ಸಾಮಾನ್ಯವಾಗಿ ಶುಕ್ರವಾರ ಪ್ರಾಕ್ಟೀಸ್, ಶನಿವಾರ ಕ್ವಾಲಿಫೈಯಿಂಗ್ (ರೇಸಿನಲ್ಲಿ ಯಾರು ಎಲ್ಲಿಂದ ಹೊರಡಬೇಕು ಅಂತ ಸಮಯ ನೋಡಿ ನಿರ್ಧರಿಸುವುದು) ಮತ್ತು ಕೆಲವು ರೇಸ್, ಭಾನುವಾರ ಉಳಿದ ರೇಸ್‌ಗಳು. ಒಂದೇ ದಿನ ಸಿಗುವುದಾದರೆ ಭಾನುವಾರ. ಎರಡು ದಿನ ಸಿಕ್ಕಿದರೆ ಶನಿವಾರವನ್ನು ಖಂಡಿತ ಸೇರಿಸಿ. ಶನಿವಾರ ಜನ ಕಡಿಮೆ, ಮೆಕ್ಯಾನಿಕ್‌ಗಳು ಸ್ವಲ್ಪ ಮಾತಿಗೆ ಸಿಗುತ್ತಾರೆ.

ಹೋಗುವ ದಾರಿ

ರೈಲೇ ಒಳ್ಳೆಯದು. ಮಂಗಳೂರು ಸೆಂಟ್ರಲ್‌ನಿಂದ ಮಧ್ಯಾಹ್ನದ ಮೇಲೆ ಹೊರಡುವ ಚೆನ್ನೈ ಮೇಲ್, ಅದರ ನಂತರದ ಸೂಪರ್‌ಫಾಸ್ಟ್, ಎರಡೂ ಮರುದಿನ ಬೆಳಿಗ್ಗೆ ಚೆನ್ನೈ ಸೆಂಟ್ರಲ್ ಮುಟ್ಟಿಸುತ್ತವೆ. ಕಾಸರಗೋಡು, ಕಣ್ಣೂರು, ಶೊರನೂರು, ಪಾಲಕ್ಕಾಡ್, ಸೇಲಂ ಮೇಲಿಂದ ಸುಮಾರು 900 ಕಿ.ಮೀ. ಉಡುಪಿ, ಕುಂದಾಪುರದವರು ಬೆಳಿಗ್ಗೆ ಬಸ್ಸಿನಲ್ಲಿ ಮಂಗಳೂರಿಗೆ ಬಂದು ಊಟ ಮಾಡಿ ಹತ್ತಿದರೆ ಸರಿಯಾಗುತ್ತದೆ. ವಾರಾಂತ್ಯಕ್ಕೆ ಸ್ಲೀಪರ್ ಬೇಗ ತುಂಬುತ್ತದೆ. ದಿನಾಂಕ ಗೊತ್ತಾದ ದಿನವೇ ಬುಕ್ ಮಾಡಿ.

ಸೆಂಟ್ರಲ್‌ನಲ್ಲಿ ಇಳಿದು ಅಲ್ಲೇ ಕೆಳಗೆ ಮೆಟ್ರೋ ಹತ್ತಿ, ಕೋಯಂಬೇಡು ತನಕ ಹೋಗಿ. ಅಲ್ಲಿಂದ ಪೂನಮಲ್ಲಿ ದಾಟಿ ಶ್ರೀಪೆರಂಬದೂರು ಕಡೆ ಹೋಗುವ ಬಸ್ಸು. ಕಂಡಕ್ಟರ್‌ಗೆ ಇರುಂಗಾಟ್ಟುಕೋಟೈ ಅಂತ ಹೇಳಿ. ಅದು ಬಾಯಿಗೆ ಬರದಿದ್ದರೆ ರೇಸ್ ಟ್ರ್ಯಾಕ್ ಅಂದರೂ ಸಾಕು. ನಾಲ್ಕು ಜನ ಇದ್ದರೆ ಟ್ಯಾಕ್ಸಿ ಮಾಡುವುದೇ ವಾಸಿ, ಹೆದ್ದಾರಿ ಬದಿಯಲ್ಲಿ ಇಳಿದು ಬಿಸಿಲಿನಲ್ಲಿ ನಡೆಯುವುದು ತಪ್ಪುತ್ತದೆ. ಹುಂಡೈ ಕಾರ್ಖಾನೆ ಕಂಡಿತು ಅಂದರೆ ಹತ್ತಿರ ಬಂದಿರಿ ಅಂತ ಲೆಕ್ಕ.

ಕಾರಿನಲ್ಲಿ ಹೋಗುವವರಿಗೆ ಶಿರಾಡಿ ಘಾಟಿ ಹತ್ತಿ ಬೆಂಗಳೂರು, ಅಲ್ಲಿಂದ ಹೊಸೂರು, ಕೃಷ್ಣಗಿರಿ, ವೆಲ್ಲೂರು, ಕಾಂಚೀಪುರದ ತಿರುವು, ಶ್ರೀಪೆರಂಬದೂರು. ಬೆಂಗಳೂರು ಕಡೆಯಿಂದ ಬರುವವರಿಗೆ ಚೆನ್ನೈ ನಗರದ ಟ್ರಾಫಿಕ್‌ಗೆ ಸಿಗುವ ಮೊದಲೇ ಟ್ರ್ಯಾಕ್ ಬರುತ್ತದೆ ಅನ್ನುವುದು ದೊಡ್ಡ ಅನುಕೂಲ. ಆದರೆ ಮಳೆಗಾಲದಲ್ಲಿ ಶಿರಾಡಿಯ ಸ್ಥಿತಿ ನಿಮಗೆ ಗೊತ್ತೇ ಇದೆ. ಒಬ್ಬರೇ ಡ್ರೈವ್ ಮಾಡಿಕೊಂಡು ಹೋಗಬೇಡಿ, ರಾತ್ರಿ ಘಾಟಿ ಇಳಿಯುವ ಲೆಕ್ಕ ಹಾಕಬೇಡಿ.

ಉಳಿಯಲು ಶ್ರೀಪೆರಂಬದೂರಿನಲ್ಲಿ ಕಾರ್ಖಾನೆಗಳಿಗೆ ಬರುವವರಿಗಾಗಿ ಲಾಡ್ಜುಗಳು ಇವೆ. ಊಟದ ಚಿಂತೆ ಬೇಡ. ಉಡುಪಿ ಕಡೆಯ ಕಡಂದಲೆ ಕೃಷ್ಣರಾಯರು ಮದ್ರಾಸಿಗೆ ಹೋಗಿ ವುಡ್‌ಲ್ಯಾಂಡ್ಸ್ ಹೋಟೆಲು ಕಟ್ಟಿದ ಕಾಲದಿಂದಲೂ ಆ ಊರಿಗೂ ನಮಗೂ ಇಡ್ಲಿ ಸಾಂಬಾರಿನ ನಂಟು ಉಂಟು.

ಒಳಗೆ ಹೋದ ಮೇಲೆ

ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು, ನಿಧಾನಕ್ಕೆ ಓದಿ.

ಹೊಸಬರು ಸ್ಟಾರ್ಟ್ ಲೈನಿನ ಎದುರು, ಮುಖ್ಯ ನೇರ ರಸ್ತೆಯ ಬದಿಯಲ್ಲಿ ಹೋಗಿ ನಿಲ್ಲುತ್ತಾರೆ. ಅಲ್ಲಿ ಬೈಕುಗಳು ಝುಂಯ್ ಅಂತ ಹೋಗುತ್ತವೆ, ಕತ್ತು ತಿರುಗಿಸುವಷ್ಟರಲ್ಲಿ ಇಲ್ಲ. ಎರಡು ರೇಸ್ ನೋಡುವಷ್ಟರಲ್ಲಿ ಬೇಸರ ಬರುತ್ತದೆ. ಶುರುವಾತಿಗೆ ಮಾತ್ರ ಅಲ್ಲಿ ನಿಲ್ಲಿ. ಕೆಂಪು ದೀಪಗಳು ಒಟ್ಟಿಗೆ ಆರುವ ಕ್ಷಣ, ಇಪ್ಪತ್ತು ಎಂಜಿನ್‌ಗಳು ಒಮ್ಮೆಲೇ ಕೂಗುವುದು, ಅದನ್ನು ಒಮ್ಮೆ ಎದೆಯಲ್ಲಿ ಕೇಳಲೇಬೇಕು. ಅದಾದ ಮೇಲೆ ಹೊರಟು ಪ್ರೇಕ್ಷಕರಿಗೆ ಬಿಡುವ ಜಾಗದಲ್ಲಿ ಒಂದು ತಿರುವು ಹಿಡಿದು ಕೂತುಬಿಡಿ. ಅಲ್ಲಿನವರು ತಿರುವುಗಳನ್ನು ಸಿ-1, ಸಿ-2 ಅಂತ ನಂಬರಿನಲ್ಲೇ ಕರೆಯುತ್ತಾರೆ. ಯಾವುದಾದರೂ ಸರಿ, ವಾಹನಗಳು ಜೋರಾಗಿ ಬಂದು ಬ್ರೇಕ್ ಹಾಕುವ ತಿರುವು ಆಗಿರಲಿ. ಅರ್ಧ ದಿನ ಅಲ್ಲಿಂದ ಏಳಬೇಡಿ.

ಮೊದಲು ಟ್ರ್ಯಾಕ್ ಖಾಲಿ ಇರುವಾಗ ನೆಲ ನೋಡಿ. ಡಾಂಬರಿನ ಮೇಲೆ ಒಂದು ಕಪ್ಪು ಪಟ್ಟಿ ಕಾಣುತ್ತದೆ. ಹೊರಗಿನ ಅಂಚಿನಿಂದ ಶುರುವಾಗಿ, ಒಳಗಿನ ಅಂಚಿನ ಬಣ್ಣ ಬಳಿದ ಕಟ್ಟೆಗೆ ತಾಗುವಷ್ಟು ಹತ್ತಿರ ಬಂದು, ಮತ್ತೆ ಹೊರಗಿನ ಅಂಚಿಗೆ ಹೋಗುತ್ತದೆ. ಎಲ್ಲರೂ ಅದೇ ದಾರಿಯಲ್ಲಿ ಹೋಗಿ ಹೋಗಿ ಟೈರಿನ ರಬ್ಬರ್ ಅಂಟಿಕೊಂಡು ಆದ ಗುರುತು ಅದು. ರೇಸಿಂಗ್ ಲೈನ್ ಅನ್ನುತ್ತಾರೆ. ಹಾಗೆ ಹೋದರೆ ತಿರುವು ಆದಷ್ಟು ಅಗಲವಾಗುತ್ತದೆ, ವೇಗ ಕಡಿಮೆ ಕಳೆದುಕೊಳ್ಳುತ್ತಾರೆ. ಆ ಪಟ್ಟಿಯ ಹೊರಗೆ ಸಣ್ಣ ಸಣ್ಣ ಕಪ್ಪು ಉಂಡೆಗಳು ಬಿದ್ದಿರುತ್ತವೆ, ಟೈರಿನಿಂದ ಉದುರಿದ ರಬ್ಬರ್. ಅದರ ಮೇಲೆ ಚಕ್ರ ಹತ್ತಿದರೆ ಜಾರುತ್ತದೆ. ಹಾಗಾಗಿಯೇ ಹಿಂದಿನಿಂದ ಬಂದವನು ಮುಂದೆ ಹೋಗಬೇಕಾದರೆ ಒಳ್ಳೆಯ ದಾರಿ ಬಿಟ್ಟು ಕೆಟ್ಟ ದಾರಿಗೆ ಇಳಿಯಬೇಕು. ಓವರ್‌ಟೇಕ್ ಯಾಕೆ ಅಷ್ಟು ಕಷ್ಟ ಅಂತ ನನಗೆ ಅರ್ಥ ಆದದ್ದು ಆ ಉಂಡೆಗಳನ್ನು ಕಣ್ಣಾರೆ ನೋಡಿದ ಮೇಲೆ.

ಈಗ ಒಂದು ಬೈಕು ಬರಲಿ. ಬದಿಯಲ್ಲಿ ದೂರ ಬರೆದ ಬೋರ್ಡುಗಳು ಇರುತ್ತವೆ, ತಿರುವಿಗೆ ಇನ್ನೆಷ್ಟು ಮೀಟರ್ ಅಂತ. ಯಾವ ಬೋರ್ಡಿನ ಹತ್ತಿರ ಸವಾರ ತಲೆ ಎತ್ತುತ್ತಾನೆ ನೋಡಿ. ಟ್ಯಾಂಕಿಗೆ ಅಂಟಿಕೊಂಡು ಮಲಗಿದ್ದವನು ಒಮ್ಮೆಲೇ ಎದ್ದು ಕೂರುತ್ತಾನೆ, ಗಾಳಿ ಎದೆಗೆ ಹೊಡೆಯುತ್ತದೆ, ಮುಂದಿನ ಫೋರ್ಕ್ ಕುಸಿಯುತ್ತದೆ, ಹಿಂದಿನ ಚಕ್ರ ನೆಲ ಬಿಟ್ಟ ಹಾಗೆ ಸಣ್ಣಗೆ ನಡುಗುತ್ತದೆ. ಗೇರು ಇಳಿಸುವ ಸದ್ದು ಕೇಳುತ್ತದೆ, ಒಂದು, ಎರಡು, ಮೂರು. ಆಮೇಲೆ ಮೈಯನ್ನು ಸೀಟಿನಿಂದ ಪಕ್ಕಕ್ಕೆ ಜಾರಿಸಿ ಮೊಣಕಾಲು ಹೊರಗೆ ಚಾಚುತ್ತಾನೆ. ಮೊಣಕಾಲಿನ ಪ್ಲಾಸ್ಟಿಕ್ ತುಂಡು ಡಾಂಬರಿಗೆ ಉಜ್ಜಿ ಕರ್ರ್ ಅನ್ನುತ್ತದೆ. ಮುಂದಿನವನು ಬೋರ್ಡಿಗೆ ಮೊದಲೇ ಬ್ರೇಕ್ ಹಿಡಿದ, ಹಿಂದಿನವನು ಬೋರ್ಡು ದಾಟಿ ಹಿಡಿದ ಅಂದರೆ ಅಷ್ಟೇ ಸಾಕು, ಮುಂದಿನ ಸುತ್ತಿನಲ್ಲೋ ಅದರ ಮುಂದಿನ ಸುತ್ತಿನಲ್ಲೋ ಏನೋ ಆಗಲಿದೆ ಅಂತ ನಿಮಗೆ ಮೊದಲೇ ಗೊತ್ತಾಗಿಬಿಡುತ್ತದೆ. ಪಕ್ಕದವರಿಗೆ ಹೇಳಿ ನೋಡಿ. ಹೇಳಿದ ಹಾಗೆ ಆದಾಗ ಸಿಗುವ ಸಂತೋಷ ಬೇರೆ.

ಕಂಬಳದಲ್ಲಿ ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ, ಅದರಲ್ಲಿ ಮತ್ತೆ ಹಿರಿಯ ಕಿರಿಯ ಅಂತ ವಿಭಾಗ ಇರುವ ಹಾಗೆ ಇಲ್ಲೂ ಉಂಟು. ಬೈಕಿನಲ್ಲಿ ಸಿಸಿ ಮೇಲೆ ವಿಭಾಗ ಮಾಡುತ್ತಾರೆ, 165 ಸಿಸಿವರೆಗಿನದು ಒಂದು, 301ರಿಂದ 400 ಸಿಸಿಯದು ಇನ್ನೊಂದು. ಹೊಸಬರಿಗೆ ನೋವಿಸ್, ಹುಡುಗಿಯರಿಗೆ ಬೇರೆ ರೇಸ್. ಕಾರಿನಲ್ಲಿ ನಾವು ದಿನಾ ನೋಡುವ ಕಾರುಗಳನ್ನೇ ತಿದ್ದಿ ಓಡಿಸುವ ಟೂರಿಂಗ್ ಕಾರ್ ವಿಭಾಗ, ಮತ್ತು ಒಬ್ಬರೇ ಕೂರುವ ಫಾರ್ಮುಲಾ ಕಾರುಗಳು. ಮಾರುತಿ ಎಂಜಿನ್ ಹಾಕಿದ ಎಲ್‌ಜಿಬಿ ಫಾರ್ಮುಲಾ 4 ಕಾರುಗಳ ರೇಸನ್ನು ತಪ್ಪಿಸಿಕೊಳ್ಳಬೇಡಿ. ಎಲ್ಲರದ್ದೂ ಹೆಚ್ಚು ಕಡಿಮೆ ಒಂದೇ ಥರದ ಕಾರು, ಹಾಗಾಗಿ ಕೈಚಳಕ ಇದ್ದವನೇ ಮುಂದೆ. ಐದಾರು ಕಾರು ಒಂದರ ಬಾಲಕ್ಕೆ ಒಂದು ಅಂಟಿಕೊಂಡು ಬರುತ್ತವೆ. ನನಗಂತೂ 165 ಸಿಸಿ ಬೈಕ್ ರೇಸ್ ಎಲ್ಲಕ್ಕಿಂತ ಇಷ್ಟ. ನಾವು ಕಾಲೇಜಿಗೆ ಓಡಿಸುವಂಥದೇ ಬೈಕು, ಆದರೆ ಕೊನೆಯ ಸುತ್ತಿನವರೆಗೂ ಯಾರು ಗೆಲ್ಲುತ್ತಾರೆ ಅಂತ ಹೇಳಲು ಬರುವುದಿಲ್ಲ.

ಸಮಯದ ಲೆಕ್ಕ ನಮಗೆ ಹೊಸದಲ್ಲ. 2020ರಲ್ಲಿ ಐಕಳದ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ನಾವೆಲ್ಲ ಆ .62 ಬಗ್ಗೆ ಎಷ್ಟು ಮಾತಾಡಿದೆವು ಅಲ್ವಾ? ಟ್ರ್ಯಾಕಿನಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ಅಳೆಯುತ್ತಾರೆ. ಪ್ರತಿ ವಾಹನಕ್ಕೂ ಒಂದು ಸಣ್ಣ ಪೆಟ್ಟಿಗೆ ಕಟ್ಟಿರುತ್ತಾರೆ, ಗೆರೆ ದಾಟಿದ ಕೂಡಲೇ ಅದು ಸಮಯ ಹೇಳುತ್ತದೆ. ಶನಿವಾರದ ಕ್ವಾಲಿಫೈಯಿಂಗ್ ಪಟ್ಟಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಭಾನುವಾರ ಯಾರು ಎಲ್ಲಿಂದ ಹೊರಡುತ್ತಾರೆ, ಯಾರು ಎಷ್ಟು ಜನರನ್ನು ದಾಟಿದರು ಅಂತ ಲೆಕ್ಕ ಇಡಬಹುದು.

ಬಾವುಟ ಗೊತ್ತಿಲ್ಲದೆ ರೇಸ್ ನೋಡುವುದು ಸೀಟಿ ಗೊತ್ತಿಲ್ಲದೆ ಕಬಡ್ಡಿ ನೋಡಿದ ಹಾಗೆ. ಹಸಿರು ಅಂದರೆ ಟ್ರ್ಯಾಕ್ ಸರಿಯಿದೆ. ಹಳದಿ ಬೀಸಿದರೆ ಮುಂದೆ ಅಪಾಯ, ನಿಧಾನ, ಅಲ್ಲಿ ಯಾರೂ ಯಾರನ್ನೂ ದಾಟುವ ಹಾಗಿಲ್ಲ. ಹಳದಿ ಕೆಂಪು ಪಟ್ಟಿಯದು ಬಂದರೆ ಎಣ್ಣೆಯೋ ನೀರೋ ಬಿದ್ದು ಜಾರುತ್ತಿದೆ ಅಂತ. ನೀಲಿ ತೋರಿಸಿದರೆ ಹಿಂದೆ ವೇಗದವನು ಬರುತ್ತಿದ್ದಾನೆ, ದಾರಿ ಬಿಡು. ಕಪ್ಪು ಬಾವುಟದ ಮಧ್ಯೆ ಕಿತ್ತಳೆ ಚುಕ್ಕೆ ಇದ್ದರೆ ನಿನ್ನ ಗಾಡಿಯಲ್ಲಿ ಏನೋ ಕೆಟ್ಟಿದೆ, ಒಳಗೆ ಬಾ. ಕೆಂಪು ಬಂದರೆ ರೇಸೇ ನಿಂತಿತು. ಚೌಕುಳಿ ಬಾವುಟ ಎಲ್ಲರಿಗೂ ಗೊತ್ತು.

ಆ ಬಾವುಟ ಹಿಡಿದು ಬಿಸಿಲಿನಲ್ಲಿ ನಿಲ್ಲುವ ಮಾರ್ಷಲ್‌ಗಳನ್ನು ಒಂದು ಕ್ಷಣ ನೋಡಿ. ಅವರಲ್ಲಿ ಹೆಚ್ಚಿನವರು ವಾರವಿಡೀ ಬೇರೆ ಕೆಲಸ ಮಾಡಿ, ರೇಸಿನ ಆಸೆಗೆ ಬಂದು ನಿಂತವರು. ಒಂದು ಸಲ ನನ್ನ ಎದುರಿನ ತಿರುವಿನಲ್ಲಿ ಒಬ್ಬ ಹುಡುಗ ಬಿದ್ದ. ಬೈಕು ಜಾರಿಕೊಂಡು ಮಣ್ಣಿಗೆ ಹೋಯಿತು, ಹುಡುಗ ಎರಡು ಉರುಳು ಉರುಳಿದ. ನಾನು ಉಸಿರು ಬಿಡುವ ಮೊದಲೇ ಒಬ್ಬ ಹಳದಿ ಬೀಸುತ್ತಿದ್ದ, ಇಬ್ಬರು ಓಡಿ ಹೋಗಿ ಹುಡುಗನನ್ನು ಕಟ್ಟೆಯ ಹಿಂದೆ ತಂದಿದ್ದರು, ಮತ್ತೊಬ್ಬ ಬೈಕು ಎತ್ತುತ್ತಿದ್ದ. ಹುಡುಗ ಎದ್ದು ನಿಂತು ಕೈ ಎತ್ತಿದ, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಚರ್ಮದ ಸೂಟು, ಹೆಲ್ಮೆಟ್ಟು, ಬಿದ್ದರೆ ಜಾರಿ ಹೋಗಲು ಖಾಲಿ ಜಾಗ, ಓಡಿ ಬರುವ ಜನ, ಕಾಯುತ್ತಿರುವ ಆಂಬುಲೆನ್ಸು. ಇದಿಷ್ಟೂ ಇದ್ದದ್ದಕ್ಕೆ ಅವನು ಎದ್ದು ನಡೆದ. ಅದೇ ಬೀಳುವಿಕೆ ಮರವಂತೆಯ ರಸ್ತೆಯಲ್ಲೋ, ಪಡುಬಿದ್ರಿ ಹೈವೇಯಲ್ಲೋ ಆದರೆ ಏನಾಗುತ್ತದೆ ಅಂತ ನಾವೆಲ್ಲ ಪೇಪರಿನಲ್ಲಿ ಓದಿದ್ದೇವೆ. ಬೈಕಿನ ಹುಚ್ಚು ಇರುವ ತಮ್ಮನೋ ಮಗನೋ ಮನೆಯಲ್ಲಿದ್ದರೆ ಬೈಯುವ ಬದಲು ಒಮ್ಮೆ ಇಲ್ಲಿಗೆ ಕರೆದುಕೊಂಡು ಬನ್ನಿ.

ಪ್ಯಾಡಕ್ ಅಂದರೆ ತಂಡದವರು ಗಾಡಿ ರಿಪೇರಿ ಮಾಡುವ ಜಾಗ. ಅಲ್ಲಿಗೆ ಬಿಡುವುದಾದರೆ ಖಂಡಿತ ಹೋಗಿ. ಟೈರಿಗೆ ಕಂಬಳಿ ಹೊದಿಸಿ ಬಿಸಿ ಮಾಡುವುದು, ಅಪ್ಪ ಮಗನಿಗೆ ಗ್ಲೌಸ್ ಹಾಕಿಸುವುದು, ಮೆಕ್ಯಾನಿಕ್ ಮಧ್ಯಾಹ್ನದ ಊಟ ಬಿಟ್ಟು ಕ್ಲಚ್ ಬಿಚ್ಚುವುದು, ಎಲ್ಲ ಎರಡು ಅಡಿ ದೂರದಲ್ಲಿ ಕಾಣುತ್ತದೆ. ದಾರಿಗೆ ಅಡ್ಡ ನಿಲ್ಲಬೇಡಿ, ಕೇಳದೆ ಏನನ್ನೂ ಮುಟ್ಟಬೇಡಿ, ರೇಸಿಗೆ ಹೊರಡುವವನ ಹತ್ತಿರ ಸೆಲ್ಫಿ ಕೇಳಬೇಡಿ. ಮುಗಿಸಿ ಬಂದ ಮೇಲೆ ಕೇಳಿದರೆ ಸಂತೋಷದಿಂದ ನಿಲ್ಲುತ್ತಾರೆ.

ಏನೇನು ಒಯ್ಯಬೇಕು ಅಂದರೆ, ಟೋಪಿ, ಒಬ್ಬರಿಗೆ ಕನಿಷ್ಠ ಎರಡು ಲೀಟರ್ ನೀರು, ಮಕ್ಕಳಿದ್ದರೆ ಕಿವಿಗೆ ಹಾಕುವ ಇಯರ್‌ಪ್ಲಗ್, ಕೂರಲು ಒಂದು ಹಳೇ ಬೈರಾಸು. ಹತ್ತಿ ಬಟ್ಟೆ, ಶೂ. ನಮ್ಮ ಕರಾವಳಿಯ ಸೆಕೆ ಅಭ್ಯಾಸ ಇದೆ ಅಂತ ಧೈರ್ಯ ಮಾಡಬೇಡಿ, ಅಲ್ಲಿನ ಮಧ್ಯಾಹ್ನಕ್ಕೆ ಮರದ ನೆರಳು ಇಲ್ಲ.

ನೀವೇ ಓಡಿಸಬೇಕಾ

ಅದೇ ಆವರಣದಲ್ಲಿ 2023ರಲ್ಲಿ ಮದ್ರಾಸ್ ಇಂಟರ್‌ನ್ಯಾಷನಲ್ ಕಾರ್ಟಿಂಗ್ ಅರೇನಾ, ಚಿಕ್ಕದಾಗಿ ಮೀಕಾ, ಶುರುವಾಯಿತು. ಸುಮಾರು 1.2 ಕಿ.ಮೀ ಉದ್ದದ ಕಾರ್ಟ್ ಟ್ರ್ಯಾಕ್. ಕಾರ್ಟ್ ಅಂದರೆ ನೆಲಕ್ಕೆ ಅಂಟಿದ ಹಾಗಿರುವ ಪುಟ್ಟ ರೇಸ್ ಕಾರು. ಬಾಡಿಗೆಗೆ ಕಾರ್ಟ್ ತೆಗೆದುಕೊಂಡು ಸಾಮಾನ್ಯರೂ ಓಡಿಸಬಹುದು. ಮಾಲಿನಲ್ಲಿ ಓಡಿಸುವ ಕಾರ್ಟ್ ಅಂತ ತಿಳಿಯಬೇಡಿ, ಹತ್ತು ನಿಮಿಷದಲ್ಲಿ ಮುಂಗೈ ಸೋತು ಹೋಗುತ್ತದೆ. ಈಗಿನ ರೇಸರ್‌ಗಳಾದ ಬೆಂಗಳೂರಿನ ಮೈನಿ ಅಣ್ಣತಮ್ಮಂದಿರು ಏರಿದ್ದು ಇಂಥ ಸಣ್ಣ ಕಾರುಗಳ ಮೆಟ್ಟಿಲಿನಿಂದಲೇ. ನಿಜವಾಗಿ ಸ್ಪರ್ಧೆ ಮಾಡಬೇಕಾದರೆ ದೇಶದ ಮೋಟಾರ್ ಕ್ರೀಡೆಯ ಒಕ್ಕೂಟ ಎಫ್‌ಎಂಎಸ್‌ಸಿಐ ಕೊಡುವ ಲೈಸೆನ್ಸ್ ಬೇಕು, ವೈದ್ಯಕೀಯ ಪ್ರಮಾಣಪತ್ರ ಬೇಕು. ಮೊದಲು ಒಂದು ತರಬೇತಿ ಶಾಲೆಗೆ ಸೇರಿ, ಆಮೇಲೆ ಒನ್ ಮೇಕ್ ರೇಸ್‌ಗಳ ಆಯ್ಕೆಗೆ ಪ್ರಯತ್ನ ಮಾಡಿ. ಒನ್ ಮೇಕ್ ಅಂದರೆ ಕಂಪನಿಯೇ ಎಲ್ಲರಿಗೂ ಒಂದೇ ಥರದ ಬೈಕು ಕೊಟ್ಟು ಓಡಿಸುವುದು. ಸ್ವಂತ ಬೈಕಿಗೆ ಲಕ್ಷ ಸುರಿಯುವ ಮೊದಲು ಇದು ಒಳ್ಳೆಯ ದಾರಿ.

ಹತ್ತಿರದಲ್ಲೇ ಇನ್ನೊಂದು ಟ್ರ್ಯಾಕ್

ಚೆನ್ನೈ ತನಕ ಹೋಗಲು ಆಗದವರಿಗೆ ಕೊಯಮತ್ತೂರು ಉಂಟು. ಮಂಗಳೂರಿನಿಂದ ಬೆಳಿಗ್ಗೆ ಇಂಟರ್‌ಸಿಟಿ ಹತ್ತಿದರೆ ಅದೇ ದಿನ ಮುಟ್ಟುತ್ತೀರಿ. ನಗರದ ಹೊರಗೆ ಚೆಟ್ಟಿಪಾಳಯದಲ್ಲಿ ಕಾರಿ ಮೋಟಾರ್ ಸ್ಪೀಡ್‌ವೇ ಇದೆ, ಒಂದು ಸುತ್ತು ಸುಮಾರು 2.1 ಕಿ.ಮೀ. ಹೆಸರಿನ ಹಿಂದೆ ಎಸ್. ಕರಿವರ್ಧನ್ ಇದ್ದಾರೆ. ಕೊಯಮತ್ತೂರಿನ ಗಿರಣಿ ಮನೆತನದವರು, ಮಾರುತಿ 800ರ ಎಂಜಿನ್ ಇಟ್ಟು ಕಡಿಮೆ ಖರ್ಚಿನ ಫಾರ್ಮುಲಾ ಕಾರು ಮಾಡಿ ಎಷ್ಟೋ ಹುಡುಗರಿಗೆ ಓಡಿಸಲು ದಾರಿ ಮಾಡಿಕೊಟ್ಟವರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಟ್ರ್ಯಾಕ್ ಚಿಕ್ಕದು, ಹಾಗಾಗಿ ವಾಹನಗಳು ಬೇಗ ಬೇಗ ಎದುರಿಗೆ ಬರುತ್ತವೆ, ಮೊದಲ ಸಲ ನೋಡುವವರಿಗೆ ಒಂದು ರೀತಿಯಲ್ಲಿ ಇದೇ ಸುಲಭ.

ದೆಹಲಿ ಹತ್ತಿರ ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್ ದೊಡ್ಡದು, 5.125 ಕಿ.ಮೀ. 2011, 2012, 2013ರಲ್ಲಿ ಫಾರ್ಮುಲಾ ಒನ್ ನಡೆಯಿತು, ಮೂರೂ ಸಲ ಸೆಬಾಸ್ಟಿಯನ್ ವೆಟಲ್ ಗೆದ್ದ. 2023ರಲ್ಲಿ ಬೈಕಿನ ವಿಶ್ವ ಚಾಂಪಿಯನ್‌ಶಿಪ್ ಆದ ಮೋಟೋ ಜಿಪಿ ಬಂತು. ನಮಗೆ ಅದು ದೂರದ ಮಾತು.

ವಾಪಸ್ ಬರುವಾಗ

ಅರ್ಧ ದಿನ ಉಳಿದರೆ ಶ್ರೀಪೆರಂಬದೂರಿನ ಆದಿಕೇಶವ ಪೆರುಮಾಳ್ ದೇವಸ್ಥಾನಕ್ಕೆ ಹೋಗಿ. ರಾಮಾನುಜಾಚಾರ್ಯರು ಹುಟ್ಟಿದ ಊರು ಅದು. ಮಧ್ವಾಚಾರ್ಯರ ಊರಿನಿಂದ ಬಂದವರಿಗೆ ಅಲ್ಲಿ ಒಂದು ಹೊತ್ತು ಕೂರಬೇಕು ಅನಿಸುತ್ತದೆ. ರಾಜೀವ್ ಗಾಂಧಿಯವರ ಸ್ಮಾರಕವೂ ಅದೇ ಊರಲ್ಲಿದೆ. ಕಾಂಚೀಪುರ ಇನ್ನೂ ಮುಂದೆ, ಸೀರೆ ನೋಡುವವರು ಜೊತೆಗಿದ್ದರೆ ಅದಕ್ಕೆ ಇಡೀ ದಿನ ಬೇಕು, ರೇಸಿನ ದಿನ ಸೇರಿಸಬೇಡಿ.

ಭಾನುವಾರ ರಾತ್ರಿ ಚೆನ್ನೈ ಸೆಂಟ್ರಲ್‌ನಿಂದ ಎಂಟು ಗಂಟೆ ಹೊತ್ತಿಗೆ ಮಂಗಳೂರು ಮೇಲ್ ಹೊರಡುತ್ತದೆ. ಟ್ರ್ಯಾಕಿನಿಂದ ಸಂಜೆ ಐದಕ್ಕೆ ಹೊರಟರೇ ಸಮಾಧಾನ, ಪೂನಮಲ್ಲಿಯ ಟ್ರಾಫಿಕ್ ಯಾರನ್ನೂ ಬಿಡುವುದಿಲ್ಲ. ಕೊನೆಯ ರೇಸ್ ತಡವಾಯಿತು ಅಂದರೆ, ಬಹುಮಾನ ಕೊಡುವುದನ್ನು ಬಿಟ್ಟು ಎದ್ದು ಬನ್ನಿ. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಮಂಗಳೂರು. ಆಫೀಸಿಗೆ ರಜೆ ಹಾಕುವಾಗ ಸೋಮವಾರವನ್ನೂ ಸೇರಿಸಿಯೇ ಹಾಕಿ.